ಲೀಫ್ ರಾಬಿನ್‌ಸನ್ನನ ಮರಣ

ಮೊದಲನೆಯ ಮಹಾಯುದ್ಧದ ಚರಿತ್ರೆಯಲ್ಲಿ ವಿಲಿಯಂ ಲೀಫ್ ರಾಬಿನ್‌ಸನ್ನನ ಹೆಸರು ಪ್ರಸಿದ್ಧವಾದುದು. ಈತನು 1895ನೆಯ ಇಸವಿ ಜುಲೈ 14ರಂದು ಕೊಡಗಿನ ಪಾಲಿಬೆಟ್ಟದ ಕಾಫಿತೋಟದಲ್ಲಿ ಆಂಗ್ಲ ದಂಪತಿಗಳಿಗೆ ಜನಿಸಿದನು; ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕೆಲಕಾಲ ಓದಿ ಇಂಗ್ಲೆಂಡಿಗೆ ತೆರಳಿದನು. 1916ನೆಯ ಇಸವಿ ಸೆಪ್ಟೆಂಬರ್ 3ರ ಬೆಳಗಿನ ಜಾವದಲ್ಲಿ, ಲಂಡನ್ನಿನ ಮೇಲೆ ಬಾಂಬು ಸುರಿಸಲು ಬಂದಿದ್ದ ಜರ್ಮನರ ಆಕಾಶನೌಕೆಗಳಲ್ಲೊಂದನ್ನು ಈತನು ತನ್ನ ವಿಮಾನದಿಂದ ಗುಂಡು ಹಾರಿಸಿ ಸುಟ್ಟು ಕೆಡವಿದನು. ಅದರಲ್ಲಿದ್ದ 16 ಮಂದಿಯೂ ಮಡಿದರು. ಬ್ರಿಟನ್ನಿನ ನೆಲದ ಮೇಲೆ ಹೀಗೆ ಉರುಳಿದ ಮೊದಲನೆಯ ನೌಕೆ ಅದೇ. ಈ ಸಾಹಸಕ್ಕಾಗಿ ಈತನಿಗೆ ವಿಕ್ಟೋರಿಯಾ ಕ್ರಾಸ್ ಪದಕವು ದೊರೆಯಿತು.

1917ನೆಯ ಇಸವಿ ಏಪ್ರಿಲ್ 5ರಂದು ಫ್ರಾನ್ಸಿನಲ್ಲಿ ಆರು ವಿಮಾನಗಳ ನಾಯಕನಾಗಿ ಹೊರಟು ಶತ್ರುಗಳ ಕೈಗೆ ಸೆರೆಸಿಕ್ಕಿದನು. ಪದೇ ಪದೇ ತಪ್ಪಿಸಿಕೊಳ್ಳಲು ಯತ್ನಿಸಿ ಏಕಾಂತಶಿಕ್ಷೆಯನ್ನು ಅನುಭವಿಸಿದನು. ಯುದ್ಧವು ನಿಂತ ಮೇಲೆ, 1918ನೆಯ ಇಸವಿ ಡಿಸೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿ, ಅದೇ ತಿಂಗಳು 31ರಂದು ಇನ್‌ಫ್ಲುಯೆಂಜಾ ಜ್ವರದಿಂದ ಮೃತನಾದನು. ಆಗ ಆತನ ವಯಸ್ಸು 23.

ಸೆರೆಮನೆಯ ಕ್ಲೇಶದಿಂದ ದೇಹವು ಕೃಶವಾದುದೇ ಈ ಮರಣಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಅದು ಸಹಾಯಕಾರಣವಾಗಿರಬಹುದು, ಅದೊಂದೇ ಸಾಲದು. ಸಾಧಾರಣ ಶೀತಜ್ವರವು ಶಿಶುಗಳನ್ನೂ ವೃದ್ಧರನ್ನೂ ಹೆಚ್ಚಾಗಿ ಕೊಲ್ಲುವುದು. 1918ರ ಜ್ವರವಾದರೋ 20ರಿಂದ 40 ವಯಸ್ಸಿನ ದೃಢಕಾಯರನ್ನೇ ವಿಶೇಷವಾಗಿ ಬಲಿಗೊಂಡಿತು. ಸೆರೆಯನ್ನೇ ಕಾಣದ ತರುಣರೂ ಲಕ್ಷಗಟ್ಟಲೆ ಸತ್ತರು. ಪ್ರಕೃತಿ, ಆಹಾರ, ಬಲ, ವಯಸ್ಸು ಬೇರೆ ಬೇರೆಯಾದ ಜನರು ಒಂದೇ ವ್ಯಾಧಿಯಿಂದ ಏಕಕಾಲದಲ್ಲಿ ಹೇಗೆ ನಾಶವಾಗುವರೆಂಬ ಪ್ರಶ್ನೆಯನ್ನು ಚರಕಸಂಹಿತೆಯು ವಿಮಾನಸ್ಥಾನದ ಜನಪದೋದ್ಧ್ವಂಸನೀಯವೆಂಬ ಅಧ್ಯಾಯದಲ್ಲಿ ಎತ್ತಿ, ವಾಯು, ಜಲ, ದೇಶ, ಕಾಲಗಳೆಂಬ ಸರ್ವಸಾಧಾರಣ ಭಾವಗಳ ದುಷ್ಟಿಯನ್ನು ಉತ್ತರವಾಗಿ ಹೇಳಿರುವುದು. ವೈರಸ್ಸೆಂಬ ಸೂಕ್ಷ್ಮರೋಗಾಣುವು ಆಗ ತಿಳಿದಿರಲಿಲ್ಲ; ಆದರೂ ಒಬ್ಬನ ದೇಹಸ್ಥಿತಿಯಿಂದ ಮಾತ್ರವೇ ಇಂತಹ ಮರಣವನ್ನು ವಿವರಿಸಲಾಗದೆಂಬುದು ಗೊತ್ತಿದ್ದಿತು.

ಈತನ ಜನ್ಮಭೂಮಿಯಲ್ಲಿಯೂ ಅದೇ ಸಾಕ್ಷ್ಯವಿರುವುದು. 1918ನೆಯ ಇಸವಿ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಜ್ವರದಿಂದ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಸತ್ತರು. 1911ರ ಜನಗಣತಿಯಲ್ಲಿ ಸುಮಾರು 1,75,000 ಇದ್ದ ಕೊಡಗಿನ ಜನಸಂಖ್ಯೆಯು 1921ರಲ್ಲಿ ಸುಮಾರು 1,64,000ಕ್ಕೆ ಇಳಿಯಿತು. ಈ ಇಳಿತಕ್ಕೆಲ್ಲ ಜ್ವರವೊಂದೇ ಕಾರಣವೆನ್ನಲಾಗದು. ಅದನ್ನು ಬಿಟ್ಟು ಲೆಕ್ಕವು ಕೂಡುವುದೂ ಇಲ್ಲ.

ರಾಬಿನ್‌ಸನ್ನನ ಹೆಸರು ಹ್ಯಾರೋ ವೀಲ್ಡಿನ ಸಮಾಧಿಶಿಲೆಯ ಮೇಲಿರುವುದು. ಕೊಡಗಿನಲ್ಲಿ ಸತ್ತವರು ಬಹುಮಟ್ಟಿಗೆ ಗಣತಿಯ ಅಂಕಿಗಳಲ್ಲಿ ಅಡಗಿರುವರು. ಆತನ ಮರಣವನ್ನು ಯುದ್ಧಚರಿತ್ರೆಗೆ ಮಾತ್ರ ಸೇರಿಸದೆ, ಇವರ ಮರಣದೊಡನೆ ಒಂದೇ ಜನಪದೋದ್ಧ್ವಂಸದ ಚರಿತ್ರೆಯಲ್ಲಿ ಎಣಿಸುವುದು ಯುಕ್ತವಾದುದು.