ಪಣ, ಕಾನೂನು ಮತ್ತು ಗಡಿ: ಕರಾವಳಿಯಿಂದ ಕಂಡ ಜೂಜಿನ ಚರಿತ್ರೆ

ಹಣವನ್ನೋ ವಸ್ತುವನ್ನೋ ಪಣಕ್ಕಿಟ್ಟು ಆಡುವ ಆಟವನ್ನು ಜೂಜೆಂದೂ, ಅದನ್ನು ಸರ್ಕಾರದ ಪರವಾನಗಿ ಪಡೆದು ವ್ಯಾಪಾರವಾಗಿ ನಡೆಸುವ ಮನೆಯನ್ನು ಕ್ಯಾಸಿನೊ ಎಂದೂ ಕರೆಯುತ್ತಾರೆ. ಕರ್ನಾಟಕದಲ್ಲಿ ಕ್ಯಾಸಿನೊಗೆ ಪರವಾನಗಿಯಿಲ್ಲ. ಆದರೆ ಕರಾವಳಿಯ ಕಟಪಾಡಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಉತ್ತರಕ್ಕೆ ಗೋವಾದ ಕ್ಯಾಸಿನೊಗಳತ್ತ, ದಕ್ಷಿಣಕ್ಕೆ ತಲಪಾಡಿ ದಾಟಿ ಕೇರಳದ ಲಾಟರಿ ಅಂಗಡಿಗಳತ್ತ ಸಾಗುವುದರಿಂದ, ಒಂದು ರಾಜ್ಯ ಮುಚ್ಚಿದ ಬಾಗಿಲನ್ನು ನೆರೆಯ ರಾಜ್ಯ ತೆರೆದಿಡುವ ಬಗೆಯನ್ನು ಅರಿಯಲು ಈ ಊರು ತಕ್ಕ ನೆಲೆಯಾಗಿದೆ.

ತುಳುನಾಡಿನ ಹಳೆಯ ಪಂದ್ಯ ಕೋಳಿ ಅಂಕ. ತುಳುವಿನಲ್ಲಿ ಇದು ‘ಕೋರಿದ ಕಟ್ಟ’. ಜಾತ್ರೆ, ನೇಮಗಳ ಆಸುಪಾಸಿನಲ್ಲಿ ನಡೆಯುವ ಈ ಅಂಕಕ್ಕೆ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಬಂದವರು, ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ಕುಕ್ಕುಟ ಪಂಚಾಂಗವನ್ನು ನೋಡಿ, ಎದುರಾಳಿಯನ್ನು ಆರಿಸಿ, ಹುಂಜದ ಕಾಲಿಗೆ ‘ಬಾಳ್’ ಎಂಬ ಸಣ್ಣ ಕತ್ತಿಯನ್ನು ನೂಲಿನಿಂದ ಬಿಗಿದು ಕಣಕ್ಕೆ ಬಿಡುತ್ತಾರೆ. ಸೋತ ಕೋಳಿ ಗೆದ್ದವನ ಮನೆಯ ಸಾರಿಗಾದರೆ, ಸುತ್ತ ನಿಂತವರ ನಡುವೆ ಹಣ ಕೈಬದಲಾಗುತ್ತದೆ.

ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದಾಗ ಇಲ್ಲಿಗೆ 1930ರ ಮದರಾಸು ಜೂಜು ಕಾಯ್ದೆ ಅನ್ವಯಿಸುತ್ತಿತ್ತು. ಏಕೀಕರಣದ ಬಳಿಕ ಬಂದ 1963ರ ಪೊಲೀಸ್ ಕಾಯ್ದೆಯ 78ನೇ ಕಲಮು ಓಸಿ, ಅಂದರೆ ಮಟ್ಕಾದಂತಹ ಅಂಕಿ ಜೂಜನ್ನೂ, 79 ಮತ್ತು 80ನೇ ಕಲಮುಗಳು ಜೂಜಿನ ಮನೆಗಳನ್ನೂ, 87ನೇ ಕಲಮು ಬೀದಿಬದಿಯ ಜೂಜನ್ನೂ ಶಿಕ್ಷಾರ್ಹವಾಗಿಸಿದವು. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಷೇಧಿಸಿತ್ತು. ಹೀಗಿದ್ದರೂ ಅಂಕ ನಿಲ್ಲಲಿಲ್ಲ. ಗದ್ದೆಯಿಂದ ಗುಡ್ಡಕ್ಕೆ, ಗುಡ್ಡದಿಂದ ಹಾಡಿಗೆ ಜಾಗ ಬದಲಿಸಿತು.

ಸಂವಿಧಾನದ ರಾಜ್ಯಪಟ್ಟಿಯ 34ನೇ ವಿಷಯವಾಗಿರುವ ಜೂಜು ರಾಜ್ಯಗಳ ಗಡಿಗೆ ಕಟ್ಟುಬಿದ್ದಿಲ್ಲ ಎಂಬುದಕ್ಕೆ ಬೆಂಗಳೂರೇ ಹಳೆಯ ಸಾಕ್ಷಿ. ಅಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಬಹುಮಾನ ಸ್ಪರ್ಧೆಗಳು ಮುಂಬಯಿ ರಾಜ್ಯದಲ್ಲಿ ಹರಡಿದ್ದರಿಂದ ಹುಟ್ಟಿದ ಮೊಕದ್ದಮೆಯಲ್ಲಿ, 1957ರಲ್ಲಿ ಸುಪ್ರೀಂ ಕೋರ್ಟು ಜೂಜನ್ನು ಸಂವಿಧಾನ ಕಾಪಾಡುವ ವ್ಯಾಪಾರವೆಂದು ಒಪ್ಪಲು ನಿರಾಕರಿಸಿತು. ಮುಂದೆ ಅದೇ ನ್ಯಾಯಾಲಯ ಅದೃಷ್ಟದ ಆಟ, ಕೌಶಲದ ಆಟ ಎಂಬ ಭೇದವನ್ನು ಹಿಡಿದು, 1967ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ಪಂದ್ಯವನ್ನೂ ಕೌಶಲದ ಸಾಲಿಗೆ ಸೇರಿಸಿತು. 1891ರಲ್ಲಿ ಸ್ಥಾಪನೆಯಾದ ಮೈಸೂರು ರೇಸ್ ಕ್ಲಬ್ಬಿನಂತಹ ಸಂಸ್ಥೆಗಳು ಪರವಾನಗಿ ಮತ್ತು ತೆರಿಗೆಯ ಚೌಕಟ್ಟಿನೊಳಗೆ ಉಳಿದುಬಂದಿವೆ.

ಕೇರಳ 1967ರಲ್ಲಿ ಆರಂಭಿಸಿದ ಸರ್ಕಾರಿ ಲಾಟರಿಯನ್ನು ಇಂದಿಗೂ ನಡೆಸುತ್ತಿದ್ದರೆ, ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರಲ್ಲಿ ಹಡಗಿನೊಳಗಿನ ಆಟಗಳಿಗೂ ಅನುಮತಿ ನೀಡಿದ್ದರಿಂದ ಮಾಂಡವಿ ನದಿಯ ಮೇಲೆ ತೇಲುವ ಕ್ಯಾಸಿನೊಗಳು ನೆಲೆಯೂರಿದವು.

ಮೊಬೈಲು ಬಂದ ಮೇಲೆ ಗಡಿ ದಾಟುವ ಪ್ರಯಾಣವೂ ಬೇಡವಾಯಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟು ರದ್ದುಗೊಳಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ ಕೌಶಲ–ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣ ಹೂಡಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು.

ಈ ದೀರ್ಘ ಚರಿತ್ರೆಯಲ್ಲಿ ಜೂಜು ಬಾಳಿದ್ದು ಜಾಗ ಬದಲಿಸುವ ಶಕ್ತಿಯಿಂದ. ಒಂದೆಡೆ ತಡೆದಾಗ ಮತ್ತೊಂದೆಡೆ ತಲೆಯೆತ್ತುವ ಪಣದ ಹೊರೆಯನ್ನು ಕೊನೆಗೆ ಹೊರುವುದು ಸೋತವನ ಮನೆಯವರೇ. ಇದಕ್ಕೆ ಎದುರಾಗಿ ಕಟಪಾಡಿ ಬೀಡಿನ ಮೂಡು–ಪಡು ಕಂಬಳವನ್ನು, ಅಂದರೆ ಗದ್ದೆಯಲ್ಲಿ ನಡೆಯುವ ಕೋಣಗಳ ಓಟವನ್ನು, ನೋಡಬಹುದು. ಹೋರಿ, ಎತ್ತುಗಳ ಪಂದ್ಯಗಳನ್ನು ತಡೆದ 2014ರ ಸುಪ್ರೀಂ ಕೋರ್ಟಿನ ತೀರ್ಪಿನ ನೆರಳಲ್ಲಿ ನಿಂತುಹೋಗುವ ಭೀತಿ ಎದುರಿಸಿದ ಕಂಬಳ, ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯನ್ನು 2023ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿದಾಗ ಭದ್ರವಾಯಿತು. ಗದ್ದೆ, ಕೋಣ, ದೈವ, ಮನೆತನಗಳ ನಂಟಿನಿಂದ ಬೆಳೆದ ಆಟಕ್ಕೆ ಪಣ ಅನಿವಾರ್ಯವಲ್ಲ. ಆದುದರಿಂದ ಮುಂದಿನ ಕಾನೂನುಗಳು ಆಟದ ಹೆಸರನ್ನಷ್ಟೇ ನೋಡದೆ, ಹಣ ಯಾರ ಕೈಯಿಂದ ಯಾರ ಕೈಗೆ ಸೇರುತ್ತದೆ ಎಂಬುದನ್ನು ಮೊದಲು ನೋಡಬೇಕಾಗಿದೆ.