ಕೆಡೋದು ಯಾವಾಗಲೂ ಸಣ್ಣ ಸಾಮಾನೇ: ನಮ್ಮ ಕೈಪಂಪಿನ ಇತಿಹಾಸ

ನಮ್ಮ ಕಲಘಟಗಿ ತಾಲ್ಲೂಕಿನ ಕಾಡಂಚಿನ ಹೊಲಗಳಾಗ ಗೋವಿನಜೋಳ ತೆನಿ ಕಟ್ಟೂ ಹೊತ್ತಿಗೆ ಮಂಗ್ಯಾ, ಹಂದಿ ಕಾಟ ಶುರುವಾಗತೈತಿ. ಅದರ ಜೋಡಿ ಹುಡುಗರ ಬಾಯಾಗ ಗಾಳಿ ಬಂದೂಕಿನ ಮಾತೂ ಶುರು. ಮೊಬೈಲಿನಾಗ ನೋಡಿ ನೋಡಿ ಅವರಿಗೆ ಎಲ್ಲಾ ಗೊತ್ತು. ಲಕ್ಷಗಟ್ಟಲೆ ಬೆಲೆಯ ಬಂದೂಕೂ ಗಾಳಿ ಸೋರಿ ಮೂಲಿ ಸೇರತಾವಂತ, ಅಷ್ಟು ರೊಕ್ಕ ಕೊಟ್ಟರೂ ಯಾಕ ಹಂಗ ಅಂತ ಕೇಳತಾರ. ಇದರ ಉತ್ತರ ನಮ್ಮ ಪ್ರತಿ ಊರಿನ ಓಣ್ಯಾಗ ಐತಿ. ಅದರ ಹೆಸರು ಬೋರಿನ ಕೈಪಂಪು.

ಎರಡಕ್ಕೂ ಎದಿ ಒಂದೇ. ಒಂದು ಕೊಳವೆ, ಒಂದು ಪಿಸ್ಟನ್, ಒಂದೆರಡು ವಾಲ್ವ್, ಮತ್ತ ಒತ್ತಡ ಸೋರದಂಗ ತಡಿಯೋ ಒಂದು ವಾಶರ್. ಬಂದೂಕಿನಾಗ ಗಾಳಿ, ಪಂಪಿನಾಗ ನೀರು. ಉಕ್ಕು ಎಷ್ಟೇ ಗಟ್ಟಿ ಇರಲಿ, ಹಿತ್ತಾಳಿ ಎಷ್ಟೇ ನುಣುಪಿರಲಿ, ಕಡೀಕ ಕೆಲಸ ನಿಲ್ಲೋದು ಆ ವಾಶರ್ ಮ್ಯಾಲ.

ಇದು ಇವತ್ತಿನ ಮಾತಲ್ಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಅನ್ನುವವನ ಗಾಳಿ ಬಂದೂಕನ್ನು ತೆಗೆದುಕೊಂಡಿತ್ತು. ಹೊಗೆ ಇಲ್ಲ, ಮದ್ದು ತುಂಬೋ ಗೊಡವಿ ಇಲ್ಲ, ಸುಮಾರು 20 ಗುಂಡು ಒಂದರ ಹಿಂದ ಒಂದು ಹಾರಿಸಬಹುದಿತ್ತು. ಹಿಡಿಕೆಯೇ ಗಾಳಿ ತುಂಬುವ ಡಬ್ಬಿ. ಅದನ್ನು ತುಂಬಲಿಕ್ಕೆ ಸುಮಾರು 1500 ಸಲ ಪಂಪು ಹೊಡೀಬೇಕಿತ್ತು. ಗಾಳಿ ತಡೆಯುತ್ತಿದ್ದದ್ದು ಚರ್ಮ. ಆ ಚರ್ಮ ಒಣಗಿದರ ಗಾಳಿ ಸೋರತಿತ್ತು, ಅದಕ್ಕ ಅದನ್ನು ಸದಾ ಹಸಿಯಾಗಿ ಇಡಬೇಕಿತ್ತು. ಬೇರೆ ಸೂಕ್ಷ್ಮ ಭಾಗಗಳನ್ನೂ ಸಿಪಾಯಿ ತಾನೇ ರಿಪೇರಿ ಮಾಡಿಕೊಳ್ಳುವಂಗ ಇರಲಿಲ್ಲ. 1815ರ ಹೊತ್ತಿಗೆ ಸೈನ್ಯ ಅದನ್ನು ಕೈಬಿಟ್ಟಿತು. ಬಂದೂಕು ಬೆರಗಿನದು, ಆದರ ರಣರಂಗದಾಗ ಅದನ್ನ ಸಾಕೋದು ಕಷ್ಟ.

ಈಗ ನಮ್ಮ ನೀರಿನ ಕಡೆ ಬರೋಣ. 1966-67ರ ಬರಗಾಲದಾಗ ಬಿಹಾರ, ಉತ್ತರ ಪ್ರದೇಶ ಒಣಗಿ ಹೋದವು. ಆಗ ಯುನಿಸೆಫ್ ಗಾಳಿಯ ಒತ್ತಡದಿಂದ ಕಲ್ಲು ಕೊರೆಯುವ ರಿಗ್ಗುಗಳನ್ನು ದೇಶಕ್ಕೆ ತಂದಿತು. ತಿಂಗಳುಗಟ್ಟಲೆ ಬಾವಿ ತೋಡುವ ಗಟ್ಟಿ ಬಂಡೆಯಲ್ಲಿ ಒಂದೆರಡು ದಿನಕ್ಕೆ ಬೋರ್ ಬೀಳತೊಡಗಿತು. ದಖ್ಖನಿನ ಕಲ್ಲು ನೆಲಕ್ಕ ಇದು ವರವೇ. ಆದರ ತೂತು ಕೊರೆದವರು ಅದರ ಮ್ಯಾಲ ಕೂರಿಸಿದ ಪಂಪು ಯಾವುದು? ಅಮೆರಿಕ, ಯುರೋಪಿನಲ್ಲಿ ಒಬ್ಬ ರೈತನ ಅಂಗಳಕ್ಕ ಅಂತ ಮಾಡಿದ ಬೀಡು ಕಬ್ಬಿಣದ ಪಂಪಿನ ನಕಲು. ಅಲ್ಲಿ ಐದಾರು ಮಂದಿ ಮನಿಗೆ ದಿನಕ್ಕ ಹತ್ತು ಕೊಡ ನೀರು. ಇಲ್ಲಿ ಇಡೀ ಓಣಿ.

ಲೆಕ್ಕ ಹಾಕಿ ನೋಡ್ರಿ. ಆಗಿನ ಸರ್ಕಾರಿ ಅಳತಿ ಪ್ರಕಾರ 250 ಮಂದಿಗೆ ಒಂದು ಪಂಪು, ತಲಾ 40 ಲೀಟರ್. ಅಂದರ ದಿನಕ್ಕ 10,000 ಲೀಟರ್. ಈಗ ನಾವು ನೋಡೋ ಪಂಪಿನ ಸಿಲಿಂಡರ್ 63.5 ಮಿಲಿಮೀಟರ್ ಅಗಲ, ಒಂದು ಹೊಡೆತಕ್ಕ ಪಿಸ್ಟನ್ 125 ಮಿಲಿಮೀಟರ್ ಏರತೈತಿ. ಒಂದು ಹೊಡೆತಕ್ಕ ಬರೋದು ಸುಮಾರು 400 ಮಿಲಿಲೀಟರ್. ಹಂಗಾದರ ದಿನಕ್ಕ 25,000 ಹೊಡೆತ, ವರ್ಷಕ್ಕ 90 ಲಕ್ಷದ ಮ್ಯಾಲ. ವಾಶರ್ ಮ್ಯಾಲ ಕೆಳಗ ಓಡಾಡಿ ದಿನಕ್ಕ 6 ಕಿಲೋಮೀಟರ್ ನಡದಂಗ ಆಗತೈತಿ, ವರ್ಷಕ್ಕ 2,000 ಕಿಲೋಮೀಟರ್ ಮೀರಿ. ಅದೂ ಬರಿಗೈಲೆ ಅಲ್ಲ. 30 ಮೀಟರ್ ಆಳದಾಗ ಇದ್ದರ ಪ್ರತಿ ಹೊಡೆತಕ್ಕೂ ಪಿಸ್ಟನ್ ಮ್ಯಾಲ ಸುಮಾರು 95 ಕಿಲೋ ನೀರಿನ ಭಾರ. ಹೆಚ್ಚೂಕಡಿಮಿ ಒಂದು ಕ್ವಿಂಟಲ್ ಚೀಲ ಹೊತ್ತು ಕಲಘಟಗಿಯಿಂದ ದಿಲ್ಲಿ ದಾಟಿ ನಡದಂಗ.

ಬೀಡು ಕಬ್ಬಿಣದ ಪಂಪು ಇದನ್ನ ತಡಿಯಲಿಲ್ಲ. ಹಿಡಿಕೆಯ ಕೀಲಿನ ಪಿನ್ನು ಸವೆದು ತೂತು ದೊಡ್ಡದಾಗತಿತ್ತು. ರಾಡು ನೆಟ್ಟಗ ಏರೋ ಬದಲು ಅಡ್ಡಡ್ಡ ಜಗ್ಗಿ ಬಾಗತಿತ್ತು. ಹಿಡಿಕೆ ಬಡಿದು ಬಡಿದು ಬೀಡು ಸೀಳತಿತ್ತು. ಪಂಪನ್ನು ಬೋರಿನ ಕೇಸಿಂಗ್ ಪೈಪಿಗೇ ಬಿಗಿದಿದ್ದರಿಂದ ಎಲ್ಲಾ ಅಲುಗಾಡಿ ಹೊಲಸು ನೀರು ಒಳಗ ಇಳಿಯತಿತ್ತು. 1970ರ ದಶಕದ ನಡುವಿನ ಲೆಕ್ಕದ ಪ್ರಕಾರ ಹಾಕಿದ ನಾಲ್ಕು ಪಂಪುಗಳಲ್ಲಿ ಮೂರು ನಿಂತು ಹೋಗಿದ್ದವು. ಬಂಡೆ ಕೊರೆಯೋಕೆ ಖರ್ಚು ಮಾಡಿದ ಹಣ ಒಂದು ಪಿನ್ನಿನ ಸಲುವಾಗಿ ಮಣ್ಣುಪಾಲಾತು.

ದಾರಿ ತೋರಿಸಿದ್ದು ನಮಗ ಹತ್ತಿರದ ಊರುಗಳೇ. ಮಹಾರಾಷ್ಟ್ರದ ಜಾಲ್ನಾದಲ್ಲಿ ಮಿಶನ್ನಿನವರು ಬೀಡು ಬಿಟ್ಟು ಉಕ್ಕಿನ ಪಂಪು ಮಾಡಿದರು, ಹಲವು ಕೀಲಿನ ಬದಲು ಒಂದೇ ಕೀಲು ಇಟ್ಟರು. ಆಮೇಲೆ ಸೊಲ್ಲಾಪುರ. ಗಡಿಯಾಚೆ ಇದ್ದರೂ ಅಲ್ಲಿ ಕನ್ನಡ ಮಾತಾಡೋ ಮಂದಿ ಅದಾರ, ಶರಣ ಸಿದ್ಧರಾಮ ಕೆರಿ ಕಟ್ಟಿಸಿದ ಊರು ಅದು. ಅಲ್ಲಿ ಬಾವಿ ಕೆಲಸ ಮಾಡುತ್ತಿದ್ದವರು ಹಿಡಿಕೆಯ ತುದಿಗೆ ಕಮಾನಿನಂಥ ಉಕ್ಕಿನ ತುಂಡು ಹಾಕಿ, ಅದರ ಮ್ಯಾಲಿಂದ ಸರಪಳಿ ಇಳಿಬಿಟ್ಟು ರಾಡಿಗೆ ಕಟ್ಟಿದರು. ಹಿಡಿಕೆ ವಾಲಿದರೂ ರಾಡು ನೆಟ್ಟಗೇ ಏರಬೇಕು, ಅದಕ್ಕ ಈ ಸರಪಳಿ. ಕೀಲಿಗೆ ಪಿನ್ನಿನ ಬದಲು ಮುಚ್ಚಿದ ಬಾಲ್ ಬೇರಿಂಗ್ ಬಂತು. ಇದನ್ನೇ ಸೊಲ್ಲಾಪುರ ಪಂಪು ಅಂದರು.

ಯುನಿಸೆಫ್, ಮದ್ರಾಸಿನ ಸರ್ಕಾರಿ ಕಾರ್ಖಾನೆ ರಿಚರ್ಡ್‌ಸನ್ ಅಂಡ್ ಕ್ರುಡಾಸ್, ಅಲ್ಲಿನ ಯಂತ್ರ ಸಂಶೋಧನಾ ಸಂಸ್ಥೆ ಸೇರಿ ಆ ಪಂಪನ್ನೇ ಬುನಾದಿ ಮಾಡಿಕೊಂಡವು. ಪೀಠವನ್ನು ಕೇಸಿಂಗಿನಿಂದ ಬೇರೆ ಮಾಡಿ ಕಾಂಕ್ರೀಟಿನಲ್ಲಿ ಹೂತರು. ಕೊಯಮತ್ತೂರಿನ ಸುತ್ತ ಹಳ್ಳಿಗಳಲ್ಲಿ ಇಟ್ಟು ಪರೀಕ್ಷೆ ಮಾಡಿದರು. 1977-78ರ ಹೊತ್ತಿಗೆ ಅದು ಕಾರ್ಖಾನೆಯಿಂದ ಹೊರಬಂತು. ಹೆಸರು ಇಂಡಿಯಾ ಮಾರ್ಕ್-2. ನಮ್ಮ ಓಣಿಗಳಾಗ ನಿಂತಿರೋದು ಹೆಚ್ಚಾಗಿ ಅದೇ.

ಇಲ್ಲಿ ಎರಡು ತೀರ್ಮಾನ ಭಾಳ ದೊಡ್ಡವು. ಮೊದಲನೇದು, ಇದಕ್ಕ ಪೇಟೆಂಟ್ ಮಾಡಲಿಲ್ಲ. ಯಾರು ಬೇಕಾದರೂ ಮಾಡಬಹುದು. ಎರಡನೇದು, ಯಾರು ಬೇಕಾದರೂ ಮಾಡಬಹುದು ಅಂದಮ್ಯಾಲ ಹೆಂಗ ಬೇಕಾದರೂ ಮಾಡೋ ಹಂಗಿಲ್ಲ. 1979ರಲ್ಲಿ ಐಎಸ್ 9301 ಅನ್ನುವ ಭಾರತೀಯ ಮಾನಕ ಬಂತು. ಕೊಳ್ಳುವ ಮುಂಚೆ ಹೊರಗಿನ ಪರೀಕ್ಷಕರು ಕಾರ್ಖಾನೆಗೆ ಹೋಗಿ ಗೇಜು ಹಚ್ಚಿ ಅಳೆದು, ಸರಿ ಇಲ್ಲದ್ದನ್ನು ವಾಪಸ್ ಮಾಡುತ್ತಿದ್ದರು. ಅದರ ಫಲ ಏನಂದರ, ಒಬ್ಬರು ಮಾಡಿದ ಸರಪಳಿ ಇನ್ನೊಬ್ಬರ ಹಿಡಿಕೆಗೆ ಕೂಡತಿತ್ತು. 1990ರ ದಶಕದ ನಡುವಿನ ಹೊತ್ತಿಗೆ ಜಗತ್ತಿಗೆಲ್ಲ ಸೇರಿ ಸುಮಾರು 50 ಲಕ್ಷ ಪಂಪು ತಯಾರಾಗಿದ್ದವು ಅಂತ ಲೆಕ್ಕ. ಆಫ್ರಿಕಾದ ಹಳ್ಳಿಗಳಲ್ಲೂ ಇದೇ ಪಂಪು.

ಇಷ್ಟಾದರೂ ಒಂದು ಸಾಮಾನು ಹಳೇದೇ ಉಳಿದಿತ್ತು. ಚರ್ಮದ ವಾಶರ್. ಮರಳು ಬಂದರ ಅದು ಸವಿಯತೈತಿ. ಬ್ಯಾಸಗ್ಯಾಗ ನೀರಿನ ಮಟ್ಟ ಸಿಲಿಂಡರ್ ಕೆಳಗ ಇಳಿದರ ಒಣಗಿ ಸೆಟೆಯತೈತಿ, ಜಿರಾರ್ಡೋನಿ ಬಂದೂಕಿನಂಗ. ಅಂಗೈಯೊಳಗ ಹಿಡಿಸೋ ಆ ಚರ್ಮ ಬದಲಿಸಬೇಕಂದರ ಇಡೀ ಪೈಪು ಮ್ಯಾಲ ಎತ್ತಬೇಕು. 30 ಮೀಟರ್ ಅಂದರ 3 ಮೀಟರಿನ ಹತ್ತು ಪೈಪು. ರಾಡು ಸೇರಿ ತೂಕ ಕ್ವಿಂಟಲ್ ಮೀರತೈತಿ. ನಾಲ್ಕಾರು ಮಂದಿ, ಬೇರೆ ಹತಾರ, ಒಂದು ಗಾಡಿ. ಅದಕ್ಕೇ ಊರಿನವರ ಕೈಲಿ ಅದು ಆಗತಿರಲಿಲ್ಲ.

1983ರಿಂದ 1988ರವರೆಗೆ ವಿಶ್ವಬ್ಯಾಂಕ್ ಮತ್ತು ಯುಎನ್‌ಡಿಪಿಯವರು ಮತ್ತ ಕೊಯಮತ್ತೂರಿನಲ್ಲೇ ಪರೀಕ್ಷೆ ನಡೆಸಿದರು. ಚರ್ಮದ ಬದಲು ನೈಟ್ರೈಲ್ ರಬ್ಬರ್ ಹಾಕಿದಾಗ ಅದು ಚರ್ಮಕ್ಕಿಂತ ಭಾಳ ದಿನ ಬಾಳಿತು. ಪೈಪನ್ನು 65 ಮಿಲಿಮೀಟರಿಗೆ ಅಗಲ ಮಾಡಿದ್ದರಿಂದ ಪೈಪು ಎತ್ತದೇ ಪಿಸ್ಟನ್ ಒಂದನ್ನೇ ಮ್ಯಾಲ ಎಳೆಯುವಂಗ ಆತು. ಇದು ಮಾರ್ಕ್-3. ಇವತ್ತಿನ ಗಾಳಿ ಬಂದೂಕಿನ ರಿಂಗುಗಳಾಗೂ ನೈಟ್ರೈಲ್ ರಬ್ಬರ್ ಬಳಸತಾರ, ಅಲ್ಲಿ ಒತ್ತಡ 200 ಬಾರ್‌ಗೂ ಮೇಲೆ. ಪಂಪಿನಾಗ 30 ಮೀಟರಿಗೆ 3 ಬಾರ್ ಅಷ್ಟೇ. ಬಂದೂಕಿನ ಸಿಲಿಂಡರಿನಾಗ ಒಂದು ಕೂದಲೆಳೆ ಗೆರಿ ಬಿದ್ದರೂ ಯಾಕ ಸೋರತೈತಿ ಅಂತ ಈಗ ತಿಳೀತಲ್ಲ.

ಹಂಗಾರ ಗುಣಮಟ್ಟ ಅಂದರ ಏನು? ಕೆಡದ ಯಂತ್ರ ಭೂಮಿ ಮ್ಯಾಲ ಇಲ್ಲ. ಮೊದಲು ಯಾವುದು ಸವಿಯಬೇಕು ಅಂತ ಮಾಡಿದವನಿಗೆ ಗೊತ್ತಿರಬೇಕು, ಅದು ಅಗ್ಗದ್ದಿರಬೇಕು, ಬಳಸುವವನ ಕೈಗೆ ಸಿಗೋ ಹಂಗಿರಬೇಕು. ನಮ್ಮ ಹಿರ್ಯಾರ ನೇಗಿಲು ಹಂಗೇ ಇತ್ತು. ಸವಿಯೋದು ಕುಳ, ಅದನ್ನ ಕಮ್ಮಾರ ಊರಾಗೇ ಹಣಿಯತಿದ್ದ. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾದವರು ಹಳ್ಳಿಯ ಹೆಣ್ಣುಮಕ್ಕಳಿಗೇ ಕೈಪಂಪು ಬಿಚ್ಚಿ ಕಟ್ಟೋದು ಕಲಿಸಿದರು. ನೀರು ಹೊರೋರು ಅವರೇ, ಪಾನಾ ಹಿಡಿಯೋರೂ ಅವರೇ ಆದರು.

ಈಗ ಮನಿ ಮನಿಗೆ ನಳ ಬಂದೈತಿ, ಭಾಳ ಚಲೋ. ಆದರ ನಳದ ಹಿಂದ ಮೋಟರ್ ಐತಿ, ಮೋಟರ್ ಹಿಂದ ಕರೆಂಟ್ ಐತಿ. ಏಪ್ರಿಲ್ ತಿಂಗಳದಾಗ ಮೋಟರ್ ಸುಟ್ಟರ ವಾರಗಟ್ಟಲೆ ಓಣಿ ಒಣಗತೈತಿ. ಆ ವಾರ ನೀರು ಕೊಡಬೇಕಾದ ಪಂಪಿನ ಹಿಡಿಕೆ ಗುಜರಿಗೆ ಹೋಗಿರತೈತಿ, ಇಲ್ಲಾ ಸರಪಳಿ ತುಕ್ಕು ಹಿಡಿದಿರತೈತಿ.

ನಿಮ್ಮ ಓಣ್ಯಾಗ ಪಂಪು ನಿಂತಿದ್ದರ ಮುಂದಿನ ಮುಚ್ಚಳದ ಬೋಲ್ಟ್ ಬಿಚ್ಚಿ ನೋಡ್ರಿ. ಸರಪಳಿಗೆ ಗ್ರೀಸ್ ಹಚ್ಚೋದಕ್ಕ ಯಾರ ಅಪ್ಪಣಿನೂ ಬ್ಯಾಡ. ನಾಲ್ಕು ಹೊಡೆತಕ್ಕ ಬರೋ ನೀರು ನಲವತ್ತು ಹೊಡೆತಕ್ಕ ಬರಾಕತ್ತಿದ್ದರ, ಕೆಳಗ ವಾಶರ್ ಸೋತೈತಿ ಅಂತ ತಿಳೀರಿ. ಗ್ರಾಮಸಭಾದಾಗ ಎದ್ದು ನಿಂತು ನೈಟ್ರೈಲ್ ವಾಶರ್ ಹಾಕಸ್ರಿ ಅಂತ ಹೆಸರು ಹಿಡಿದು ಕೇಳ್ರಿ. ‘ಪಂಪು ಕೆಟ್ಟೈತಿ’ ಅಂದರ ಅರ್ಜಿ ಫೈಲಿನಾಗ ಮಲಗತೈತಿ. ಏನು ಕೆಟ್ಟೈತಿ ಅಂತ ಹೇಳಿದರ ಅದಕ್ಕ ಉತ್ತರ ಕೊಡಲೇಬೇಕಾಗತೈತಿ.