ಲದ್ದಿಯಲ್ಲಿ ದೊರೆತ ಆನೆಗಳ ವಂಶವೃತ್ತಾಂತ

ಕಾಡಾನೆಯ ರಕ್ತವನ್ನು ಪಡೆಯಲು ಅದಕ್ಕೆ ಅರಿವಳಿಕೆ ನೀಡಬೇಕು. ಲದ್ದಿಯನ್ನು ಪಡೆಯಲು ಅದರ ಕಣ್ಣಿಗೂ ಬೀಳಬೇಕಾಗಿಲ್ಲ. ಹಸಿ ಲದ್ದಿಯ ಹೊರಮೈಗೆ ಕರುಳಿನ ಒಳಪದರದ ಜೀವಕೋಶಗಳು ಅಂಟಿಕೊಂಡಿರುತ್ತವೆ. ಅವುಗಳಿಂದ ಡಿಎನ್‌ಎಯನ್ನು ಬೇರ್ಪಡಿಸಬಹುದು. ವಯನಾಡು, ನೀಲಗಿರಿ, ತಾಳವಾಡಿಗಳಲ್ಲಿ ನಾವು ಕಂಡು ದಾಟಿಹೋಗುವ ಈ ಲದ್ದಿಯೇ ವಿಜ್ಞಾನಿಗಳಿಗೆ ದಾಖಲೆಪತ್ರ.

ಟಿ.ಎನ್.ಸಿ. ವಿದ್ಯಾ, ರಾಮನ್ ಸುಕುಮಾರ್ ಹಾಗೂ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ನೀಲಗಿರಿ–ಪೂರ್ವಘಟ್ಟ, ಆನೆಮಲೆ ಮತ್ತು ಪೆರಿಯಾರ್ ಪ್ರದೇಶಗಳ ಆನೆಗಳನ್ನು ಹೋಲಿಸಿತು. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಕೋಶಕೇಂದ್ರದ ಡಿಎನ್‌ಎ ತಂದೆತಾಯಿ ಇಬ್ಬರಿಂದಲೂ ಬರುತ್ತದೆ. ಎರಡನ್ನೂ ಪರಿಶೀಲಿಸಿದಾಗ, ಸುಮಾರು 15,000 ಚದರ ಕಿಲೋಮೀಟರ್ ವಿಸ್ತಾರದ ನೀಲಗಿರಿ ಪ್ರದೇಶದೊಳಗೆ ಆನೆಗಳ ನಡುವೆ ಭೇದವೇ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ನಮ್ಮ ಮಕ್ಕಳ ಪಠ್ಯಪುಸ್ತಕವನ್ನು ಬದಲಿಸುವ ರಾಜ್ಯದ ಗಡಿ ಆನೆಯ ವಂಶವನ್ನು ಬದಲಿಸಿಲ್ಲ. ಆದರೆ ಸುಮಾರು 40 ಕಿಲೋಮೀಟರ್ ಅಗಲದ ಪಾಲಕ್ಕಾಡು ಕಣಿವೆಯ ದಕ್ಷಿಣದ ಆನೆಗಳು ಸ್ಪಷ್ಟವಾಗಿ ಬೇರೆಯೇ ಆಗಿದ್ದವು.

ಅಚ್ಚರಿಯ ಸಂಗತಿ ಇನ್ನೊಂದಿದೆ. ಏಷ್ಯಾದ ಆನೆಗಳ ಅತಿದೊಡ್ಡ ಸಮೂಹವೆನಿಸಿದ ನೀಲಗಿರಿಯಲ್ಲಿ ದೊರೆತದ್ದು ಒಂದೇ ಒಂದು ಮಾತೃವಂಶದ ಕುರುಹು. ಅದಕ್ಕಿಂತ ಚಿಕ್ಕವಾದ ದಕ್ಷಿಣದ ಸಮೂಹಗಳಲ್ಲಿಯೇ ವೈವಿಧ್ಯ ಹೆಚ್ಚು. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ವಂಶವೈವಿಧ್ಯವೂ ದೊಡ್ಡದೆಂದು ಭಾವಿಸಲಾಗದು. ಆದುದರಿಂದ ದಕ್ಷಿಣದ ಚಿಕ್ಕ ಸಮೂಹಗಳನ್ನು ಗೌಣವೆಂದು ಬಿಡುವಂತಿಲ್ಲ. ಒಂದೆಡೆ ಸೆರೆಹಿಡಿದ ಆನೆಯನ್ನು ಮತ್ತೊಂದೆಡೆ ಬಿಡುವ ಮುನ್ನ ಕಣಿವೆಯ ಯಾವ ಪಾರ್ಶ್ವದ್ದೆಂದು ನೋಡುವುದೂ ಯುಕ್ತವೆಂದು ನಮ್ಮ ಅಭಿಪ್ರಾಯ.

ದೇಶದ ಮೊದಲ ಡಿಎನ್‌ಎ ಆಧಾರಿತ ಆನೆ ಗಣತಿಯ ವರದಿ 2025ರಲ್ಲಿ ಪ್ರಕಟವಾಯಿತು. 21,056 ಲದ್ದಿ ಮಾದರಿಗಳಿಂದ 4,065 ಆನೆಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಒಟ್ಟು 22,446 ಆನೆಗಳೆಂದು ಅಂದಾಜಿಸಲಾಯಿತು. ಇವುಗಳಲ್ಲಿ 11,934 ಪಶ್ಚಿಮಘಟ್ಟದವು.

ಈ ವಿಧಾನಕ್ಕೊಂದು ಮಿತಿಯುಂಟು. ಡಿಎನ್‌ಎ ಹೇಳುವುದು ಕಳೆದುಹೋದ ತಲೆಮಾರುಗಳ ಸಂಚಾರವನ್ನು. ನಿನ್ನೆ ಕಟ್ಟಿದ ಬೇಲಿಯ ಪರಿಣಾಮವು ದೀರ್ಘಾಯುಷಿಯಾದ ಆನೆಯಲ್ಲಿ ಗೋಚರಿಸಲು ದಶಕಗಳೇ ಬೇಕು. ಪೂರ್ವ–ಪಶ್ಚಿಮ ಘಟ್ಟಗಳನ್ನು ಕೂಡಿಸುವ ಸಿಗೂರು ಪ್ರಸ್ಥಭೂಮಿಯ ಆನೆಪಥವನ್ನು ಅಲ್ಲಿಯವರೆಗೆ ಕಾಯದೆ ಕಾಪಾಡಬೇಕಾಗಿದೆ. ಆ ಪಥದ ಕುರಿತ ತಮಿಳುನಾಡಿನ 2010ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು.